ಕಾಕಾನ ಬಾನಿ

ಸುರಪುರದ ಮಗಳ ಮನೆಗೆ ಹೋಗಿದ್ದ ಅಯ್ಯಣ್ಣ ಕಾಕಾ ಅಲ್ಲೇ ತೀರಿಕೊಂಡ ಸುದ್ದಿ ದೋರನಹಳ್ಳಿಗೆ ಬಂದ ದಿನವೇ, ಅವರ ಅಣ್ಣನ ಮಗ ಅಂಬ್ರಪ್ಪನ ಹೊಲದ ಬೇವಿನ ಮರದ ಕೆಳಗಿದ್ದ ಕಲ್ಲಿನ ಬಾನಿ ಒಣಗಿತ್ತು. ಅಳುವ ಗದ್ದಲದಲ್ಲಿ ಅದನ್ನು ಯಾರೂ ನೋಡಲಿಲ್ಲ.

ಕಾಲುವೆ ಬರುವ ಮೊದಲು ಎತ್ತು ಹೂಡಿ ಬಾವಿಯಿಂದ ನೀರೆತ್ತಿದ ಕೈ ಕಾಕಾನದು. ಆಗಲೂ ಮೊದಲ ಪಾಲು ಹಕ್ಕಿಗೆ, ಅಳಿಲಿಗೆ. ಮುಪ್ಪಿನಲ್ಲಿಯೂ ದಿನಾ ಬಾನಿಗೆ ಎರಡು ಕೊಡ ಸುರಿದು, ಕೋಲು ಹಿಡಿದು ಪಕ್ಕದ ಕಲ್ಲಿನ ಮೇಲೆ ಕೂಡುತ್ತಿದ್ದರು. ಹನಿ ನೀರಾವರಿ ಹಾಕಿಸಿದ್ದ ಅಂಬ್ರಪ್ಪನಿಗೆ ಇದು ಕಣ್ಣೊಳಗಿನ ಕಸ.

"ಕಾಕಾ, ಅಳಿಲಿಗಿ ಎರಡು ಕೊಡ ಯಾಕ? ಅಷ್ಟರಾಗ ನನ್ನ ಒಂದು ಸಾಲು ಮೆಣಸಿನಗಿಡ ಕುಡೀತಾವ. ಪೈಪು ತಾನೇ ನೀರು ಬಿಡ್ತದ, ನೀ ಮನ್ಯಾಗ ಮಲ್ಕೋ."

"ಮಲಗೋ ದಿನ ಮುಂದ ಅದ ಬಿಡೋ," ಎಂದು ಕಾಕಾ ನಗುತ್ತಿದ್ದರು.

ಕರ್ಮಗಳು ಮುಗಿದ ಮರುದಿನ ಅಂಬ್ರಪ್ಪ ಮೋಟರ್ ಹಾಕಿದ. ಕಾಲುವೆಯ ನೀರು ನಿಂತಿತ್ತು. ಕೃಷಿ ಹೊಂಡದಲ್ಲಿ ಉಳಿದದ್ದು ಒಂದೇ ಸರದಿಯ ನೀರು. ಅದು ಇವತ್ತು ಬೇರಿಗೆ ಮುಟ್ಟದಿದ್ದರೆ ಎರಡು ಎಕರೆ ಮೆಣಸಿನ ಆಸೆ ಬಿಡಬೇಕು. ಪೈಪು ತುಂಬಿದ್ದೇ ತಡ, ಮದುವೆಮನೆಯ ಪನ್ನೀರಿನಂತೆ ಹೊಲದ ತುಂಬ ಚಿಲುಮೆ ಎದ್ದವು. ಒಂದು ತೂತಿಗೆ ಹೆಬ್ಬೆರಳು ಒತ್ತಿದ, ಇನ್ನೊಂದಕ್ಕೆ ಕಾಲು. ಮೂರನೆಯದರ ಮೇಲೆ ಕುಳಿತೇಬಿಟ್ಟ.

"ಕೂತ್ರ ನಿಲ್ತದೇನ್ರಿ? ಮೊದಲ ಮೋಟರ್ ಬಂದ್ ಮಾಡ್ರಿ!" ಎನ್ನುತ್ತ ಹೆಂಡತಿ ಕವಿತಾ ತಾನೇ ಓಡಿ ಬಂದ್ ಮಾಡಿದಳು.

ಕುರಿ ಕಾಯುತ್ತಿದ್ದ ಪಕ್ಕದ ಹೊಲದ ಬೀರಣ್ಣ ಬದುವಿನ ಮೇಲೆ ಬಂದು ನಿಂತ. "ಯಾರೋ ವೈರಿ ಚುಚ್ಯಾನ ನೋಡು." ಆಮೇಲೆ ದನಿ ತಗ್ಗಿಸಿ, "ಇಲ್ಲಾಂದ್ರ ಕಾಕಾನೇ ಬಂದಾನೇನೋ. ಅವನ ನೀರಿಗಿ ಅಡ್ಡ ಮಾತಾಡ್ತಿದ್ದಿ."

ಅಂಬ್ರಪ್ಪ ಬೇವಿನ ಮರದ ಕಡೆ ನೋಡದೆ, ಒದ್ದೆ ಮೈಯಲ್ಲೇ ರಿಪೇರಿಯವನಿಗೆ ಫೋನು ಹಚ್ಚಿ ದೆವ್ವದ ಮಾತನ್ನೂ ಹೇಳಿದ.

ಪೈಪು ರಿಪೇರಿಗೆ ಶಹಾಪುರದಿಂದ ಬಂದ ಯೂನುಸ ತೂತು ನೋಡಿ ನಕ್ಕ. "ದೆವ್ವಕ್ಕ ಇಷ್ಟು ಸಣ್ಣ ಹಲ್ಲು ಇರ್ತಾವೇನ್ರಿ? ಅಳಿಲು ಕಡ್ದಾವ. ನೀರಡಿಸಿದ್ರ ಅವಾದ್ರೂ ಏನ್ ಮಾಡ್ಬೇಕು? ಮೊದಲ ಇಲ್ಲಿ ಕುಡೀಲಿಕ್ಕಿ ಏನರ ಇತ್ತೇನು?"

ಅಂಬ್ರಪ್ಪ ಒಣ ಬಾನಿಯ ಕಡೆ ನೋಡಿದ.

ಕವಿತಾ ಬೇಗ ಬಂದ್ ಮಾಡಿದ್ದರಿಂದ ಹೊಂಡದ ನೀರು ಉಳಿದಿತ್ತು. ಸಂಜೆಯೊಳಗೆ ತೂತುಗಳು ಮುಚ್ಚಿ, ಬೇರುಗಳು ತಣಿದವು. ಅಂಬ್ರಪ್ಪ ಬಾನಿಗೆ ಎರಡು ಕೊಡ ಸುರಿದು, ಇನ್ನು ಚಿಂತೆಯಿಲ್ಲ ಎಂದು ಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟ. ತಿರುಗಿ ನೋಡಿದರೆ, ಬೀರಣ್ಣನ ಕುರಿಗಳು ಬಾನಿ ಬರಿದು ಮಾಡಿ ಎಳೆಯ ಮೆಣಸಿನ ಸಾಲಿಗೆ ಬಾಯಿ ಹಾಕುತ್ತಿದ್ದವು! ಬೈಯುತ್ತ ಓಡಿ ಬಂದ.

"ಕರೆದು ನೀರು ಇಟ್ಟವ ನೀ, ಬೈಗಳು ನನ್ನ ಕುರಿಗೇನು?" ಎಂದ ಬೀರಣ್ಣ.

ಕವಿತಾ ಮರಕ್ಕೆ ಒರಗಿಸಿದ್ದ ಕಾಕಾನ ಕೋಲು ತಂದು ಗಂಡನ ಕೈಗಿತ್ತಳು. "ಹಿಡೀರಿ. ಕಾಕಾ ಸುಮ್ಮನ ಕೂಡ್ತಿದ್ದಿಲ್ಲ."

ಹೊಲದಲ್ಲಿ ಕೂಡುವುದು ತಪ್ಪಲೆಂದೇ ಪೈಪು ಹಾಕಿಸಿದ್ದ ಅಂಬ್ರಪ್ಪ, ಅಂದಿನಿಂದ ದಿನವಿಡೀ ಬೇವಿನ ಕೆಳಗೆ ಕೂಡುತ್ತಾನೆ. ಕಾಕಾ ಕೂತು ಕೂತು ಆ ಕಲ್ಲು ನುಣುಪಾಗಿದೆ. ಎರಡನೆಯ ಕೊಡ ಸುರಿದ ಮೇಲೆ ಕೈ ಮುಗಿಯುತ್ತಾನೆ:

"ಶಿವನೇ, ಅಲ್ಲಿಯಾದರೂ ನಮ್ಮ ಕಾಕಾಗ ಕೋಲು ಕೊಟ್ಟು ಕೂಡಿಸಬ್ಯಾಡಪ್ಪ. ನಿನ್ನ ನೆರಳಾಗ ತಣ್ಣಗ ಮಲಗಲಿ."