ಮ್ಯೂಸಿಯಂ ತೋರಿಸುತ್ತ ಎಲ್ಲರ ಬಾಯಿ ಮುಚ್ಚಿಸಿದ್ದು

ಮೂವತ್ತೆರಡು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿದ ಡ್ರಿಲ್ ಮಾಸ್ತರ ನಾನು. ಒಂದು ಸೀಟಿಗೆ ಆರುನೂರು ಮಕ್ಕಳು ಗಪ್‌ಚಿಪ್! ಅಂಥವನಿಗೆ ವಿಡಿಯೊ ಮೀಟಿಂಗಿನಲ್ಲಿ ಇಪ್ಪತ್ತೆರಡು ಜನರನ್ನು ಸಂಭಾಳಿಸುವುದು ಯಾವ ಮಹಾ?

ಮಗಳನ್ನು ನೋಡಲು ಕಡಲಾಚೆಯ ಪುಚೊಂಗ್ ಊರಿಗೆ ಬಂದ ನಾನೂ ನನ್ನ ಹೆಂಡತಿ ಸರೋಜಾಳೂ ಲಾಕ್‌ಡೌನಿನಿಂದ ಇಲ್ಲೇ ಸಿಕ್ಕಿಬಿದ್ದಿದ್ದೆವು. ಒಂದು ಭಾನುವಾರ ಇಲ್ಲಿನ ಕನ್ನಡಿಗರೆಲ್ಲ ಮನೆಯಲ್ಲೇ ಕೂತು, ದೂರದೇಶದ ಒಂದು ಪತ್ರಿಕಾ ಮ್ಯೂಸಿಯಂ ನೋಡುವುದೆಂದು ತೀರ್ಮಾನವಾಯಿತು. ಅಲ್ಲಿನ ಗೈಡ್ ಹುಡುಗಿ ಕ್ಯಾಮೆರಾ ಹಿಡಿದು ಕೋಣೆ ಕೋಣೆ ಸುತ್ತುತ್ತ ಇಂಗ್ಲಿಷಿನಲ್ಲಿ ವಿವರಿಸಬೇಕು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕು; ಮೀಟಿಂಗಿನ ಉಸ್ತುವಾರಿಯೂ ನನ್ನದೇ. ಕೊನೆಗೆ ಬಾಂಗ್ಸಾರ್ ಬಡಾವಣೆಯ ಮೈಮೂನಾ ಟೀಚರ್ ಐದು ನಿಮಿಷ ಮಾತಾಡಬೇಕು. ಅವರ ಯಜಮಾನರು ನಮ್ಮ ಕರಾವಳಿಯ ಊರೊಂದರಲ್ಲಿ ಪತ್ರಿಕೆಯ ವರದಿಗಾರರಾಗಿದ್ದವರು, ಕಳಪೆ ಸೇತುವೆಯ ಬಗ್ಗೆ ಬರೆದು ಕೆಲಸ ಕಳೆದುಕೊಂಡವರು. ಅವರು ತೀರಿಕೊಂಡ ಮೇಲೆ ಟೀಚರ್ ಆ ಕಥೆಯನ್ನು ಯಾರಿಗೂ ಹೇಳಿರಲಿಲ್ಲ.

"ಈಗ ಹೇಳ್ತೇನೆ ಸಾರ್. ಒಂದು ವಾರದಿಂದ ಬರೀತಾ ಇದ್ದೇನೆ" ಎಂದಿದ್ದರು.

ಹತ್ತಕ್ಕೆ ಸರಿಯಾಗಿ ಫೋನ್ ಆಫ್ ಮಾಡಿ, ಕೋಣೆಗೆ ಚಿಲಕ ಹಾಕಿ ಕಂಪ್ಯೂಟರ್ ಮುಂದೆ ಕೂತೆ. ಗೈಡ್ ನಮಸ್ಕಾರ ಹೇಳುವಷ್ಟರಲ್ಲಿ ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಇನ್ನೊಬ್ಬರು, "ಮಾಮಕ್ ಹೋಟೆಲಲ್ಲಿ ನಾಲ್ಕು ರೊಟ್ಟಿ ತಪಾವು ಮಾಡಿಸ್ಕೊಂಡು ಬಾ, ಬಿಸಿ ಇರ್ಲಿ!" ಎಂದು ಯಾರನ್ನೋ ಪಾರ್ಸಲ್ ತರಲು ಅಟ್ಟಿದರು. ಇದೇನು ಸಂತೆಯೇ? ಒಂದು ಬಟನ್ ಒತ್ತಿದೆ. ಎಲ್ಲರೂ ಮೌನ! ಇನ್ನೊಂದು ಒತ್ತಿದೆ. ಚಾಟ್ ಕೂಡ ಬಂದ್! ಎಂಥ ಶಿಸ್ತು!

ಗೈಡ್ ಹುಡುಗಿಯ ತುಟಿ ಅಲ್ಲಾಡುತ್ತಿತ್ತು, ದನಿಯಿಲ್ಲ. ಗೋಡೆಯ ಮೇಲೆ ಸರ್ಕಾರಗಳು ಮುಚ್ಚಿಸಿದ ಪತ್ರಿಕೆಗಳ ಸಾಲು. ನನಗೆ ಥಟ್ಟನೆ ಹೊಳೆಯಿತು: ಇದು ಅಭಿನಯ!

"ಗಮನಿಸಿ, ಸ್ವಾತಂತ್ರ್ಯವಿಲ್ಲದ ಪತ್ರಕರ್ತನ ಪಾಡನ್ನು ಈ ಹುಡುಗಿ ಮೂಕಾಭಿನಯದಲ್ಲಿ ತೋರಿಸುತ್ತಿದ್ದಾಳೆ!" ಎಂದು ವಿವರಿಸಿದೆ. ಆಕೆ ಕಿವಿ ಮುಟ್ಟಿ ತಲೆಯಾಡಿಸಿದಳು. "ಸತ್ಯ ಹೇಳಿದರೂ ಕೇಳುವವರಿಲ್ಲ ಎಂದರ್ಥ!" ಎಲ್ಲರೂ ಕೈ ಬೀಸಿದರು. ಎಷ್ಟು ಉತ್ಸಾಹ! ನನ್ನ ಕೋಣೆಯ ಬಾಗಿಲನ್ನು ಯಾರೋ ದಬದಬ ಬಡಿದರು. ಶಿಸ್ತುಭಂಗ! ತೆರೆಯಲಿಲ್ಲ.

ಮೈಮೂನಾ ಟೀಚರ್ ಸರದಿ ಬಂತು. ಕನ್ನಡಕ ಏರಿಸಿದರು, ಹಳದಿಯಾದ ಪತ್ರಿಕೆಯೊಂದನ್ನು ಎತ್ತಿ ಹಿಡಿದರು, ತಲೆ ಬಗ್ಗಿಸಿ ಹಾಳೆ ನೋಡುತ್ತ ತುಟಿಯಾಡಿಸಿದರು, ದುಪಟ್ಟಾದಿಂದ ಕಣ್ಣೊರೆಸಿಕೊಂಡರು. ಇವರೂ ಗೈಡನ್ನು ನೋಡಿ ಕಲಿತುಬಿಟ್ಟರಲ್ಲ! ಜೋರಾಗಿ ಚಪ್ಪಾಳೆ ತಟ್ಟಿ, ಹನ್ನೊಂದಕ್ಕೆ ಸರಿಯಾಗಿ ಮೀಟಿಂಗ್ ಮುಗಿಸಿದೆ.

ಬಾಗಿಲು ತೆಗೆದರೆ, ಹೊರಗೆ ಟಿವಿಯಲ್ಲಿ ಇದೇ ಮೀಟಿಂಗ್ ನೋಡುತ್ತಿದ್ದ ಮನೆಮಂದಿಯೆಲ್ಲ ಸೀಟಿಯಿಲ್ಲದೆಯೇ ಸಾಲಾಗಿ ನಿಂತಿದ್ದರು.

"ತಾತಾ, ಯೂ ಮ್ಯೂಟೆಡ್ ಎವ್ರಿಬಡಿ ಲಾ! ಗೈಡ್ ಆಲ್ಸೋ!" ಎಂದು ಇಲ್ಲಿನ ಇಂಗ್ಲಿಷಿನಲ್ಲಿ ಚೀರಿದಳು ಮೊಮ್ಮಗಳು ಅನನ್ಯಾ.

"ಆ ಹೆಂಗಸು ಅಳ್ತಾ ಓದಿದ್ರು. ಒಂದಕ್ಷರ ಯಾರಿಗೂ ಕೇಳಿಸ್ಲಿಲ್ಲ. ನೀವು ಚಪ್ಪಾಳೆ ತಟ್ಟಿದ್ರಿ!" ಎಂದಳು ಸರೋಜಾ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರಿಗೆ ಫೋನ್ ಮಾಡಿದೆ. "ತಪ್ಪಾಯಿತು ಟೀಚರ್."

ಟೀಚರ್ ನಕ್ಕುಬಿಟ್ಟರು. "ನಮ್ಮವರ ಬಾಯಿ ಮುಚ್ಚಿಸಿದವರು ಯಾರೂ ಹೀಗೆ ಫೋನ್ ಮಾಡಿ ತಪ್ಪಾಯಿತು ಅನ್ನಲಿಲ್ಲ ಸಾರ್. ಮುಂದಿನ ಭಾನುವಾರ ಪುನಃ ಓದ್ತೇನೆ. ಆದರೆ ಆ ಬಟನ್ ಮಾತ್ರ ನಿಮ್ಮ ಕೈಲಿ ಬೇಡ!"

ಮುಂದಿನ ವಾರ ಬಟನ್ ಅನನ್ಯಾಳ ಕೈಗೆ ಹೋಯಿತು. ಟೀಚರ್ ಅವರ ಐದು ನಿಮಿಷ ಅರ್ಧ ಗಂಟೆಯಾಯಿತು. ಯಾರೂ ಗಡಿಯಾರ ನೋಡಲಿಲ್ಲ, ನಾನೂ. ಎಲ್ಲರೂ ಕೇಳಿದರು, ಎಲ್ಲರೂ ಮಾತಾಡಿದರು, ಸರೋಜಾ ಕೂಡ. ಇಡೀ ಸಭೆಯಲ್ಲಿ ಮ್ಯೂಟ್ ಆಗಿದ್ದವನು ಒಬ್ಬನೇ. ಆತ ಶಿಸ್ತಿನಿಂದ ಮೂರು ಸಲ ಕೈ ಎತ್ತಿದ.

"ಲೇಟರ್, ತಾತಾ" ಎಂದಳು ಅನನ್ಯಾ.