ಪೋಲಂಡಿನ ನೆರಳು

2025ರ ಜನವರಿ 19, ರವಿವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ, ಮಿರಜದಿಂದ ಸಾಂಗ್ಲಿಗೆ ಹೊರಟ ರಿಕ್ಷಾದಲ್ಲಿ ಕುಳಿತು, ಭಾಮಾ ಮಾವಶಿ ತನ್ನ ಅಕ್ಕನ ಮಗ ರಘುವೀರನ ನಲವತ್ತೊಂದು ಫೋಟೋಗಳನ್ನು ಕನ್ಯೆಯ ತಂದೆಯ ವಾಟ್ಸಾಪಿಗೆ ಕಳಿಸಿಬಿಟ್ಟಳು.

"ಎಲ್ಲಾ ಕಳಿಸಿದ್ರಿ?" ಎಂದ ರಘುವೀರ, ಒಲೆಯ ಮೇಲೆ ಹಾಲಿಟ್ಟು ಊರಿಗೆ ಹೊರಟವನ ಮುಖ ಮಾಡಿಕೊಂಡು.

"ಮತ್ತೇನು? ಹೆಣ್ಣು ನೋಡಾಕ ಹೊಂಟೇವಿ. ಪೋಲಂಡ ಅಂದ್ರ ಏನಂತ ಅವರಿಗೂ ತಿಳೀಲಿ."

ರಘುವೀರ ಮೂರು ವರ್ಷದಿಂದ ಪೋಲಂಡಿನಲ್ಲಿದ್ದುದು ನಿಜ. ಅಣಬೆ ಬೆಳೆಯುವ ಕತ್ತಲೆ ಶೆಡ್ಡಿನಲ್ಲಿ ಅವನ ಕೆಲಸ. ಚಳಿಗಾಲದಲ್ಲಿ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಶೆಡ್ಡಿನೊಳಗೆ ಫೋನು ಒಯ್ಯುವಂತಿಲ್ಲ. ಉಳಿದ ಒಂದು ರವಿವಾರ ನಿದ್ದೆಗೂ ಬಟ್ಟೆ ಒಗೆಯುವುದಕ್ಕೂ ಸಾಲದು. ಊರಿನವರು ಮಾತ್ರ "ಫಾರೆನ್ನಿನ ಫೋಟೋ ಹಾಕೋ" ಎಂದು ಬೆನ್ನು ಬಿಡಲಿಲ್ಲ. ಆದ್ದರಿಂದ 2023ರ ಮೇ ತಿಂಗಳಲ್ಲಿ ರಜೆಗೆ ಬಂದಾಗ ಅವನು ಸಾಂಗ್ಲಿಯ ಪಕ್ಕದ ಕುಪವಾಡದ ಕಾರ್ಖಾನೆಗಳ ನಡುವೆ ಹೊಸದಾಗಿ ಎದ್ದಿದ್ದ ಒಂದು ಗಾಜಿನ ಕಟ್ಟಡದ ಮುಂದೆ, ನಡುಹಗಲಿನಲ್ಲಿ, ಉಣ್ಣೆಯ ಕೋಟು ತೊಟ್ಟು ನಿಂತು ಒಂದೇ ಬೈಠಕ್ಕಿನಲ್ಲಿ ಫೋಟೋ ತೆಗೆಸಿಕೊಂಡ. ಆಮೇಲೆ ಪೋಲಂಡಿನಿಂದ ಹದಿನೈದು ದಿನಕ್ಕೊಂದರಂತೆ ಹಾಕುತ್ತ ಬಂದ. ಹಣೆಯ ಬೆವರನ್ನು ಜನ ಮಂಜಿನ ಹನಿ ಎಂದುಕೊಂಡರು.

ಹದಿನೈದು ದಿನಕ್ಕೊಂದು ನೋಡಿದರೆ ಯಾರಿಗೂ ಸಂಶಯ ಬರುವಂತಿರಲಿಲ್ಲ. ಸಾಲಾಗಿ ನಲವತ್ತೊಂದನ್ನೂ ನೋಡಿದರೆ, ಮನುಷ್ಯನ ಗಡ್ಡ ಇಪ್ಪತ್ತು ತಿಂಗಳಲ್ಲಿ ಒಂದು ಎಳೆಯೂ ಬೆಳೆದಿರಲಿಲ್ಲ.

ಅವನ ರಜೆಯಲ್ಲಿ ಇನ್ನು ಐದೇ ದಿನ ಉಳಿದಿದ್ದವು. ಈ ಸಲ ಆರು ಹೆಣ್ಣು ನೋಡಿಯಾಗಿತ್ತು. ಆದರೆ ಕೇತಕಿಯೊಂದಿಗೆ ನಾಲ್ಕು ಸಲ ಫೋನಿನಲ್ಲಿ ಮಾತಾಡಿದ ಮೇಲೆ, ಉಳಿದವರ ಹೆಸರೂ ಅವನಿಗೆ ನೆನಪಿರಲಿಲ್ಲ. ಅವಳು ಅರಿಷಿಣದ ಗುಣ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಎಲ್ಲರೂ ಪಗಾರ ಕೇಳಿದರೆ ಇವಳು, "ಅಲ್ಲಿ ಬಿಸಿಲು ಭಾರಿ ಇರಬೇಕಲ್ಲರಿ?" ಎಂದು ಕೇಳಿ ನಕ್ಕಿದ್ದಳು. ಆ ನಗುವಿಗಾಗಿ ಅವನು ಏನು ಬೇಕಾದರೂ ಮಾಡಲು ತಯಾರಿದ್ದ.

ಕೇತಕಿಯ ತಂದೆ ಬಾಳಕೃಷ್ಣ ನಿವೃತ್ತ ವಿಜ್ಞಾನ ಮಾಸ್ತರರು. ಬಾಗಿಲಲ್ಲಿ ಎಳ್ಳುಂಡೆ ಕೊಟ್ಟು, "ತಿಳಗುಳ ತಗೋರಿ, ಸಿಹಿ ಮಾತಾಡ್ರಿ" ಎಂದು ಒಳಗೆ ಕರೆದರು. ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆಂದು ಬಂದಿದ್ದ ನೆರೆಮನೆಯ ಸರುಬಾಯಿ, ವರ ಬರುತ್ತಾನೆಂದು ಕೇಳಿ ಎದ್ದೇ ಇರಲಿಲ್ಲ. ಎದುರಿನ ಟಿವಿಯ ಪರದೆಯ ಮೇಲೆ ಉಣ್ಣೆಯ ಕೋಟಿನ ರಘುವೀರ ಆಳೆತ್ತರ ನಿಂತಿದ್ದ. ಮಾಸ್ತರರ ಕೈಯಲ್ಲಿ ಕಟ್ಟಿಗೆಯ ಫೂಟಪಟ್ಟಿ ಇತ್ತು.

"ಇದು ಹೋದ ಡಿಸೆಂಬರದ್ದು ಹೌದಲ್ರಿ? ಕೆಳಗ ಬರದೀರಿ, 'ಮಧ್ಯಾಹ್ನದ ಬಿಡುವು, ಮೈನಸ್ ಆರು ಡಿಗ್ರಿ' ಅಂತ."

"ಹೌದ್ರಿ ಸರ್."

"ನಿಮ್ಮ ನೆರಳು ಎಲ್ಲಿ ಹೋತು?"

ರಘುವೀರ ಪರದೆ ನೋಡಿದ. ಕುಪವಾಡದ ಮೇ ತಿಂಗಳ ಸೂರ್ಯ ಅವನ ನೆರಳನ್ನು ಬೂಟಿನ ಕೆಳಗೆ ತುರುಕಿಬಿಟ್ಟಿದ್ದ.

"ಕಾಲಬುಡಕ ಐತಿ," ಎಂದರು ಮಾಸ್ತರರು ತಾವೇ. "ಅಂದ್ರ ಸೂರ್ಯ ನೆತ್ತಿ ಮ್ಯಾಲೆ. ಪೋಲಂಡಿನ್ಯಾಗ ಸೂರ್ಯ ವರ್ಷದಾಗ ಒಂದ ದಿನಾನೂ ನೆತ್ತಿಗೆ ಬರಂಗಿಲ್ಲ. ಡಿಸೆಂಬರದಾಗ ನಡುಹಗಲಿಗೂ ನಿಮ್ಮ ನೆರಳು ನಿಮ್ಮ ಸುಮಾರು ನಾಕು ಪಟ್ಟು ಉದ್ದ ಬೀಳಬೇಕು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರಯೋಗದಲ್ಲಿ ಬರಬಾರದ ಉತ್ತರ ಬಂದಾಗ ಹುಟ್ಟುವ ಕುತೂಹಲವಷ್ಟೇ ಇತ್ತು. ರಘುವೀರನಿಗೆ ಸಿಟ್ಟೇ ವಾಸಿ ಅನಿಸಿತು.

"ಅಲ್ಲಿ ಚಳಿಗೆ ನೆರಳೂ ಮುದುಡಿ ಕುಂತಿರಬೇಕು ಬಿಡ್ರಿ," ಎಂದಳು ಭಾಮಾ ಮಾವಶಿ.

ಸರುಬಾಯಿ ಟಿವಿಗೆ ಮೂಗು ತಾಗಿಸಿದಳು. "ಅಯ್ಯ, ಹಿಂದ ಬೇವಿನ ಗಿಡ ಐತೆಲ್ಲವಾ!"

"ನಮ್ಮ ಮಂದಿ ಹೋಗಿ ಹಚ್ಚಿರಬೇಕು!" ಎಂದಳು ಭಾಮಾ ಮಾವಶಿ.

ಅಷ್ಟರಲ್ಲಿ ಅವಲಕ್ಕಿಯ ತಟ್ಟೆಗಳನ್ನು ಹಿಡಿದು ಕೇತಕಿ ಬಂದಳು. ಪರದೆ ನೋಡಿದಳು, ತಂದೆಯ ಫೂಟಪಟ್ಟಿ ನೋಡಿದಳು. "ಅಪ್ಪಾ, ಅದನ್ನ ಬಿಡ್ರಿ. ಅವಲಕ್ಕಿ ಆರತಾವ," ಎಂದು ಟಿವಿ ಬಂದ್ ಮಾಡಲು ಹೋದಳು.

ನನ್ನ ಮಾನ ಕಾಯುತ್ತಿದ್ದಾಳೆ! ರಘುವೀರನ ಎದೆ ತುಂಬಿ ಬಂತು. ಇಂಥವಳ ಮುಂದೆ ಸುಳ್ಳು ಹೇಳಬಾರದು ಎಂದು ಅವನು ಅಲ್ಲೇ ನಿಶ್ಚಯಿಸಿದ.

"ಸರ್, ಫೋಟೋ ಖೊಟ್ಟಿ ಅದಾವ. ಎಲ್ಲಾ ಕುಪವಾಡದಾಗ ತಗಸಿದ್ದು. ಆದ್ರ ನಾ ಪೋಲಂಡಿನ್ಯಾಗ ಇರೂದು ಖರೇ."

"ಫೋಟೋ ಖೊಟ್ಟಿ ಅಂದ ಮ್ಯಾಲೆ ಪೋಲಂಡಾನೂ ಖೊಟ್ಟಿ!" ಎಂದಳು ಸರುಬಾಯಿ.

ರಘುವೀರ ಪಾಕೀಟಿನಿಂದ ಅಲ್ಲಿಯ ವಾಸದ ಕಾರ್ಡು ತೆಗೆದು ಕೊಟ್ಟ. ಸರುಬಾಯಿ ಅದನ್ನು ಹಿಂದೆ ಮುಂದೆ ತಿರುಗಿಸಿ, "ನಮ್ಮ ಅಳಿಯಾನ ಅಂಗಡ್ಯಾಗ ಇದಕಿಂತ ಚಂದ ಮಾಡಿ ಕೊಡತಾರ" ಎಂದು ವಾಪಸ್ಸು ಕೊಟ್ಟಳು.

"ಸಾಕು ಬಿಡ್ರಿ ಸರುಬಾಯಿ ಮಾವಶಿ," ಎಂದಳು ಕೇತಕಿ. "ಫೋಟೋ ಎಲ್ಲಿದಾದ್ರ ಏನಾತು? ನನಗೇನೂ ತಕರಾರಿಲ್ಲ."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸತ್ಯದ ರುಚಿ ಹತ್ತಿದ ರಘುವೀರ ಈಗ ತಡೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಲ್ಲಿನ ತನ್ನ ಕೋಣೆಯ ಜೊತೆಗಾರ, ಮಿರಜದ ಹತ್ತಿರದ ಸಲಗರೆ ಊರಿನ ಸಂಮೇದನಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಮಾಸ್ತರರ ಕೈಗಿತ್ತ.

ಪರದೆಯ ಮೇಲೆ ಮೊದಲು ಕಂಡದ್ದು ಮಂಚದ ಮೇಲೊಂದು ಮಂಚ, ಹಗ್ಗಕ್ಕೆ ಜೋತುಬಿದ್ದ ಹನ್ನೆರಡು ಕಾಲುಚೀಲ, ಆಮೇಲೆ ಕಂಬಳಿಯಿಂದ ಹೊರಬಂದ ಒಂದು ಮುಖ.

"ಯಾಕಲೇ ರಘ್ಯಾ! ಆಯಿತವಾರ ಮುಂಜಾನೆ ಏಳಕ್ಕ ಎಬ್ಬಸ್ತೀ? ಬಾ ನೀ. ಬಂದ ಮ್ಯಾಲೆ ಮೂರು ವಾರ ಸಂಡಾಸ ತೊಳಿಯೂ ಪಾಳಿ ನಿಂದ!"

ಭಾಮಾ ಮಾವಶಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಇಡೀ ಮಿರಜಕ್ಕೆ ಅವನನ್ನು ಮ್ಯಾನೇಜರ್ ಎಂದು ಹೇಳಿಯಾಗಿತ್ತು.

"ಇಂವಾ ಕನ್ನಡ ಮಾತಾಡತಾನ," ಎಂದಳು ಸರುಬಾಯಿ, ಗೆದ್ದವಳಂತೆ. "ಸಲಗರ್ಯಾಗ ಕಿಡಕಿ ಮುಚ್ಚಿ ಮಲಗ್ಯಾನ!"

ಮಾಸ್ತರರು ಕೈ ಎತ್ತಿದರು. "ತಮ್ಮಾ ಸಂಮೇದ, ಒಂದೀಟು ಹೊರಗ ಹೋಗಿ ಆಕಾಶ ತೋರಸ್ತೀ?"

"ಹೊರಗ? ನೀವ್ಯಾರ್ರಿ?"

"ಹೋಗೋ ಮಾರಾಯಾ, ನನ್ನ ಲಗ್ನದ ಪ್ರಶ್ನೆ ಐತಿ!" ಎಂದು ರಘುವೀರ ಕೂಗಿದ.

ಸಂಮೇದ ಕಂಬಳಿ ಸುತ್ತಿಕೊಂಡು, ಬೈಯುತ್ತ, ಹೊರಗೆ ಬಂದ. ಕರಿ ಆಕಾಶ. ಬೀದಿದೀಪದ ಕೆಳಗೆ ಅರಳೆಯ ರಾಶಿಯಂತೆ ಹಿಮ. ಒಂದು ಕೆಂಪು ಬಸ್ಸು ದೀಪ ಹೊತ್ತಿಸಿಕೊಂಡು ಹಾದುಹೋಯಿತು. ಸಂಮೇದನ ಬಾಯಿಂದ ಬೈಗುಳಕ್ಕಿಂತ ಮೊದಲು ಹೊಗೆ ಬರುತ್ತಿತ್ತು.

ಮಾಸ್ತರರು ಫೋನು ಹಿಡಿದೇ ತಮ್ಮ ಕಿಡಕಿಯ ಬಳಿ ಹೋದರು. ಹೊರಗೆ ಸಾಂಗ್ಲಿಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಒಮ್ಮೆ ಆಕಾಶ ನೋಡಿದರು, ಒಮ್ಮೆ ಫೋನು ನೋಡಿದರು.

"ಹನ್ನೊಂದೂವರಿ ಆಗೇತಿ. ಈ ಹೊತ್ತಿನ್ಯಾಗ ಸಲಗರ್ಯಾಗ ಆಕಾಶ ಕರ್ರಗ ಇರೂದಿಲ್ಲ. ಸಿದ್ಧ ಆತು! ಹುಡುಗ ಪೋಲಂಡಿನ್ಯಾಗ ಇರೂದು ನೂರಕ್ಕ ನೂರು ಖರೇ." ಅವರು ರಘುವೀರನ ಬೆನ್ನು ತಟ್ಟಿದರು. "ಅಣಬಿ ಬೆಳಸ್ರಿ, ಸಂಡಾಸ ತೊಳೀರಿ, ಅದರಾಗ ಏನೈತಿ? ಖರೇ ಹೇಳಿದ್ರಿ. ನನಗ ಪಸಂದ."

ಸರುಬಾಯಿ ಸೋತು ಅವಲಕ್ಕಿಗೆ ಕೈಹಾಕಿದಳು. ರಘುವೀರ, ಹತ್ತನೆಯ ಇಯತ್ತೆ ಪಾಸಾದ ದಿನವೂ ನಿಂತಿರದಷ್ಟು ನೆಟ್ಟಗೆ ನಿಂತು, ಕೇತಕಿಯ ಕಡೆ ತಿರುಗಿದ.

ಕೇತಕಿಯ ಮುಖ ಬಾಡಿತ್ತು.

"ನೀವು ಖರೇನ ಅಲ್ಲಿರ್ತೀರಿ?" ಎಂದಳು.

"ಖರೇನ."

"ಹಂಗಾರ ನನ್ನ ಕಡಿಂದ ಆಗೂದಿಲ್ಲರಿ."

ಸರುಬಾಯಿ ಅವಲಕ್ಕಿಯ ತಟ್ಟೆ ಬದಿಗಿಟ್ಟು ಮುಂದೆ ಸರಿದು ಕುಳಿತಳು.

"ಆ ಗಾಜಿನ ಕಟ್ಟಡ ನಮ್ಮ ಲ್ಯಾಬಿನ ಎದುರಿಗೇ ಐತಿ," ಎಂದಳು ಕೇತಕಿ. "ಜಾತಕದ ಕೂಡ ಬಂದ ನಿಮ್ಮ ಮೊದಲನೇ ಫೋಟೋ ನೋಡಿದಾಗನ ಗುರ್ತ ಹಿಡದೆ. ನನಗ ಬಂದ ವರಗಳೆಲ್ಲಾ ಫಾರೆನ್ನಿನವ. ನನಗ ನೌಕರಿ ಕಾಯಂ ಆಗಿ ಒಂದು ವರ್ಷ ಆತು, ಅದನ್ನ ಬಿಟ್ಟು ನಾ ಎಲ್ಲೂ ಹೋಗಾಕಿ ಅಲ್ಲ. ಇಂವಾ ಒಬ್ಬಾಂವ ಬರೋಬರ ಸಿಕ್ಕ ಅಂದ್ಕೊಂಡೆ. ಪೋಲಂಡ ಅಂತ ಮಂದಿಗೆ ಹೇಳ್ತಾನ, ಕೆಲಸಾ ಕುಪವಾಡದಾಗ ಮಾಡತಾನ. ಸಂಜಿಕ ಐದಕ್ಕ ಪಾಳಿ ಬಿಟ್ಟಾಗ ಗೇಟಿನ್ಯಾಗ ನಿಮ್ಮನ್ನ ಹುಡಕತಿದ್ದೆ. ಅದಕ್ಕ ಬಿಸಿಲು ಹೆಂಗೈತಿ ಅಂತ ಕೇಳಿದ್ದು."

"ಅಂದ್ರ..." ಎಂದ ರಘುವೀರ. "ನಾ ಸುಳ್ಳ ಆಗಿದ್ರ ನಡೀತಿತ್ತು?"

"ನಡೀತಿತ್ತು. ಸುಳ್ಳು ಹೇಳೂದು ನಾ ಬಿಡಸತಿದ್ದೆ. ಪೋಲಂಡ ಹೆಂಗ ಬಿಡಸ್ಲಿ?"

ಪೋಲಂಡಿನ ಕೆಲಸ ಕೊಡಿಸಿದ ಏಜೆಂಟನೊಂದಿಗಿನ ಕರಾರು ಇನ್ನೂ ಎರಡು ವರ್ಷದ್ದಿತ್ತು. ಅದನ್ನು ರಘುವೀರ ಹೇಳಿದ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಕೇತಕಿ ತಲೆಯಾಡಿಸಿ, ಅವನು ಮುಟ್ಟದೇ ಬಿಟ್ಟ ಅವಲಕ್ಕಿಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಫೋನಿನಲ್ಲಿ ಸಂಮೇದ, "ನಾ ಒಳಗ ಹೋಗ್ಲೇನ್ರಿ? ಕಿವಿ ಉದುರಿ ಬೀಳ್ತಾವ!" ಎಂದು ಕೇಳುತ್ತಲೇ ಇದ್ದ.

ಬಾಳಕೃಷ್ಣ ಮಾಸ್ತರರಿಗೆ ಮಗಳ ಮಾತು ಕೇಳಿಸಿತ್ತೋ ಇಲ್ಲವೋ. ಅವರು ಕಪಾಟಿನ ಮೇಲಿದ್ದ ಭೂಗೋಳವನ್ನು ಇಳಿಸಿ, ಧೂಳು ಒರೆಸಿ, ಒಂದು ಬಿಳಿ ದಾರ ತಂದರು. "ಒಂದು ತುದಿ ಸಾಂಗ್ಲಿ ಮ್ಯಾಲೆ ಹಿಡೀರಿ," ಎಂದರು. ರಘುವೀರ ಹಿಡಿದ. ಇನ್ನೊಂದು ತುದಿಯನ್ನು ಅವರು ಪೋಲಂಡಿನವರೆಗೆ ಬಿಗಿಯಾಗಿ ಎಳೆದು, ಉಗುರಿನಿಂದ ಗುರುತು ಮಾಡಿ, ಫೂಟಪಟ್ಟಿಯ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿದರು.

ಸಾಂಗ್ಲಿಯಿಂದ ಪೋಲಂಡಿಗೆ ದಾರ ಬರೀ ಹದಿನೈದು ಸೆಂಟಿಮೀಟರ್ ಇತ್ತು.