ಫೋಟೋದಲ್ಲಿ ಅಡ್ಡ ನಿಂತವರು

ನನ್ನ ಸೋದರಮಾವನಿಗೆ ನಿಮ್ಮ ಮದುವೆಯ ಆಲ್ಬಮ್ ತೋರಿಸುವ ತಪ್ಪನ್ನು ದಯವಿಟ್ಟು ಮಾಡಬೇಡಿ. ಮಾಡಿದ ಮೇಲೆ ನನ್ನ ಹತ್ತಿರ ಬಂದು ಅತ್ತರೆ ಪ್ರಯೋಜನವಿಲ್ಲ. ಅವರು ಕನ್ನಡಕವನ್ನು ಹಣೆಗೇರಿಸಿ, ಆಲ್ಬಮನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದು ಪುಟವನ್ನೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ನಿಮಗೆ ಹೆಮ್ಮೆಯೋ ಹೆಮ್ಮೆ! ಈ ಕಾಲದಲ್ಲಿ ಯಾವ ನೆಂಟ ಇಷ್ಟು ಅಕ್ಕರೆಯಿಂದ ನೋಡಿಯಾನು? ಕೊನೆಗೆ ತಲೆಯೆತ್ತಿ, "ಎಲ್ಲ ಒಳ್ಳೆದುಂಟು. ಮದುಮಗಳು ಒಂಚೂರು ಸರಿದು ನಿಂತಿದ್ರೆ ಹಿಂದಿನ ಹಿಟ್ಟಿನ ಗಿರಣಿ ಪೂರ್ತಿ ಕಾಣ್ತಿತ್ತು" ಎನ್ನುತ್ತಾರೆ.

ಆ ಮದುಮಗಳು ನೀವೇ ಆಗಿದ್ದರೆ? ನಾನೇ ಆಗಿದ್ದೆ. ಬೆಳಗಿನ ಜಾವ ಎದ್ದು, ಕೂದಲಿಗೆ ಡಜನುಗಟ್ಟಲೆ ಪಿನ್ನು ಚುಚ್ಚಿಸಿಕೊಂಡು, ಕುರ್ಲಾದ ನಮ್ಮ ಬೀದಿಯಲ್ಲಿ ಕಾರು ಹತ್ತುವ ಮುನ್ನ ನಾಚಿ ನಿಂತ ನಾನು ಮಾವನ ಪಾಲಿಗೆ ಗಿರಣಿಯ ಬಾಗಿಲಿಗೆ ಅಡ್ಡ ಬಿದ್ದ ಒಂದು ಗೋಧಿ ಮೂಟೆ!

ಈ ಹುಚ್ಚು ಹುಟ್ಟಿದ್ದು ಬೀದಿ ಸತ್ತ ಮೇಲೆ. ಒಂದು ಬದಿಗೆ ನಮ್ಮ ಚಾಳ್, ಎದುರಿಗೆ ಗಿರಣಿ, ಲಾಂಡ್ರಿ, ಸೈಕಲ್ ರಿಪೇರಿ, ಮೂಲೆಯಲ್ಲೊಂದು ಉಡುಪಿ ಹೋಟೆಲ್. ಮಾವ ಊರಿಂದ ಹುಡುಗನಾಗಿ ಬಂದು, ಆ ಹೋಟೆಲ್ಲಿನ ಗಲ್ಲಾದಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಬಿಲ್ಡರ್ ಬಂದ. ಬೀದಿಗೆ ಬೀದಿಯೇ ರೀಡೆವಲಪ್‌ಮೆಂಟಿಗೆ ಹೋಯಿತು. ನಾವೆಲ್ಲ ನಗುನಗುತ್ತಲೇ ಸಹಿ ಹಾಕಿದೆವು, ಸುಳ್ಳೇಕೆ? ಬೆಳಿಗ್ಗೆ ಬಕೆಟ್ ಹಿಡಿದು ಸಂಡಾಸಿನ ಕ್ಯೂನಲ್ಲಿ ನಿಲ್ಲುವವರಿಗೆ ಇತಿಹಾಸದ ಮೇಲೆ ಅಷ್ಟೇನೂ ಪ್ರೀತಿ ಇರುವುದಿಲ್ಲ. ಟವರ್ ಏಳುವ ತನಕ ಮಾವ-ಅತ್ತೆ, ಮದುವೆಯಾಗಿ ನಾನು ಸೇರಿದ್ದ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲೇ ಬಾಡಿಗೆಗೆ ಬಂದರು. ಆಗ ಬಿಲ್ಡರನ ಆಫೀಸಿನ ಯಾರೋ, "ಅಂಕಲ್, ಹಳೇ ಬೀದಿಯ ಫೋಟೋ ಕೊಡಿ, ಹೊಸ ಲಾಬಿಯಲ್ಲಿ ಹೆರಿಟೇಜ್ ವಾಲ್ ಮಾಡೋಣ" ಎಂದು ಬಾಯಿಮಾತಿಗೆ ಹೇಳಿದ. ಮುಂಬಯಿಯಲ್ಲಿ ಬಾಯಿಮಾತನ್ನು ನಂಬಿದ ಕೊನೆಯ ಮನುಷ್ಯ ನನ್ನ ಮಾವ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಅಂಗಡಿಯೂ ಬಿಡದಂತೆ ಆ ಗೋಡೆಯ ಮೇಲೆ ನಿಲ್ಲಿಸಿಯೇ ಸಿದ್ಧ ಎಂದು ಹೊರಟರು.

ಆದರೆ ಅಂಥ ಬೀದಿಯ ಫೋಟೋವನ್ನು ಯಾರಾದರೂ ತೆಗೆಯುತ್ತಾರೆಯೇ? ಮೋರಿಯನ್ನು, ಒಣಹಾಕಿದ ಲಂಗೋಟಿಯನ್ನು? ಜನ ತೆಗೆದದ್ದು ಮದುವೆ, ಕೂಸಿಗೆ ಹೆಸರಿಡುವ ಬಾರಸೆ, ಗಣಪತಿಯ ಮೆರವಣಿಗೆ. ಬೀದಿ ಏನಿದ್ದರೂ ಅವರ ಭುಜದ ಮೇಲೆ, ಕಂಕುಳ ಸಂದಿಯಲ್ಲಿ ಚೂರುಚೂರಾಗಿ ಇಣುಕಿತ್ತು. ಆ ಚೂರುಗಳನ್ನು ಹುಡುಕಿಕೊಂಡು ಮಾವ ಬಟ್ಟೆಯ ಚೀಲ ಹಿಡಿದು ಲೋಕಲ್ ಹತ್ತಿದರು. ಚಾಳಿನವರು ಚದುರಿಹೋದ ಡೊಂಬಿವಲಿ, ವಿರಾರ್, ಅಂಬರನಾಥ, ಎಲ್ಲೂ ಬಿಡಲಿಲ್ಲ. ಮನೆಯವರು ಚಹಾ ಕೊಟ್ಟು, "ಇದು ನಮ್ಮ ತಂದೆ, ಇದು ಕಾಕಾ" ಎಂದು ಕಣ್ಣೀರು ತುಂಬಿಕೊಂಡು ತೋರಿಸಿದರೆ ಮಾವ, "ನಿಮ್ಮ ಕಾಕಾ ಬಹಳ ದಪ್ಪ. ಲಾಂಡ್ರಿ ಇಡೀ ಮುಚ್ಚಿ ಹೋಗಿದೆ" ಎಂದು ನಿಟ್ಟುಸಿರು ಬಿಟ್ಟರು. ಎರಡನೆಯ ಸಲ ಹೋದಾಗ ಎಷ್ಟೋ ಮನೆಗಳಲ್ಲಿ ಚಹಾ ಸಿಗಲಿಲ್ಲವಂತೆ. ಆಶ್ಚರ್ಯವೇ?

ಎಲ್ಲಕ್ಕಿಂತ ಭಯಂಕರವೆಂದರೆ ಅವರು ಸಾವಿನ ಮನೆಗೆ ಹೋಗುವುದು. ನಮ್ಮಲ್ಲಿ ಒಬ್ಬರು ಹೋದರೆ ಹಳೇ ಗ್ರೂಪ್ ಫೋಟೋದಿಂದ ಮುಖವನ್ನಷ್ಟೇ ಕತ್ತರಿಸಿ, ಸ್ಟುಡಿಯೋದವನಿಂದ ಹಿಂದೆ ನೀಲಿ ಬಣ್ಣ ತುಂಬಿಸಿ, ಹಾರ ಹಾಕುವುದು ಪದ್ಧತಿಯಲ್ಲವೇ? ಮಾವನಿಗೆ ಆ ಕತ್ತರಿಯನ್ನು ಕಂಡರೆ ಮೈಯೆಲ್ಲ ಉರಿ. ಲಾಂಡ್ರಿಯವನ ಹದಿಮೂರನೆಯ ದಿನ ಅವರು ನೇರ ಅವನ ಮಗನ ಬಳಿ ಹೋಗಿ, ಮೆಲ್ಲಗೆ ಭುಜದ ಮೇಲೆ ಕೈಯಿಟ್ಟರು. ಆ ಮಗ ಬಿಕ್ಕಿದ. ಮಾವ ಕೇಳಿದರು, "ಅಪ್ಪನನ್ನು ಕತ್ತರಿಸಿ ತೆಗೆದ ಮೇಲೆ ಉಳಿದದ್ದನ್ನು ಬಿಸಾಡಲಿಲ್ಲ ಅಲ್ಲವಾ?"

ಹೀಗೆ ಬೈಸಿಕೊಂಡು, ಬಾಗಿಲು ಹಾಕಿಸಿಕೊಂಡು, ಗಿರಣಿ ಸಿಕ್ಕಿತು, ಲಾಂಡ್ರಿಯೂ ಸಿಕ್ಕಿತು. ಸಿಗದೇ ಉಳಿದದ್ದು ಒಂದೇ, ಅವರದೇ ಹೋಟೆಲ್! ಅದಕ್ಕೂ ಕಾರಣವುಂಟು. ಹೋಟೆಲ್ಲಿನ ಧಣಿ ದೋಸೆ ಹೊಯ್ಯುವ ಬಂಡೆಯನ್ನು ಪರವಾನಗಿಯಿಲ್ಲದೆ ಫುಟ್‌ಪಾತಿನ ಮೇಲೆ ತಂದಿಟ್ಟಿದ್ದ. ಫೋಟೋ ಎಂದರೆ ಸಾಕ್ಷಿ, ಸಾಕ್ಷಿ ಎಂದರೆ ಮುನಿಸಿಪಾಲಿಟಿಯ ಗಾಡಿ. ಹಾಗಾಗಿ ಹೋಟೆಲ್ಲಿನ ಮುಂದೆ ಯಾರೇ ಕ್ಯಾಮೆರಾ ಎತ್ತಿದರೂ ಓಡಿಸಬೇಕೆಂದು ಅಪ್ಪಣೆಯಾಗಿತ್ತು. ಓಡಿಸುವ ಕೆಲಸ ಯಾರದು? ಗಲ್ಲಾದಲ್ಲಿ ಕೂತ ನನ್ನ ಮಾವನದೇ! ಗಣಪತಿಯ ಮೆರವಣಿಗೆಯಾಗಲಿ, ವರನ ಕುದುರೆಯಾಗಲಿ, ಮಾವ ಎದ್ದು ಬಂದು "ಏಯ್, ಫೋಟೋ ನಹೀ, ಆಗೇ ಚಲೋ!" ಎಂದು ಕೈ ಬೀಸುತ್ತಿದ್ದುದು ನನಗೇ ನೆನಪಿದೆ. ಆ ಕೆಲಸವನ್ನು ಅವರು ಎಷ್ಟು ನಿಷ್ಠೆಯಿಂದ ಮಾಡಿದರೆಂದರೆ ಹೋಟೆಲ್ಲಿನ ಬೋರ್ಡಿನ ಒಂದಕ್ಷರವೂ ಯಾವ ಫೋಟೋದಲ್ಲೂ ಉಳಿಯಲಿಲ್ಲ.

ಚಾಳಿನಲ್ಲಿ ಪಕ್ಕದ ಖೋಲಿಯಲ್ಲಿದ್ದ ಮರಾಠಿ ಮೌಶಿಯ ಗಂಡನ ಹತ್ತಿರ ಕ್ಯಾಮೆರಾ ಇತ್ತು. ಅವರನ್ನು ಹುಡುಕಿ ಮಾವ ವಿರಾರ್‌ಗೆ ಹೋದರು. "ಹೋಟೆಲ್ಲಿನ ಫೋಟೋ ಇದೆಯಾ?" ಮೌಶಿ ಟ್ರಂಕನ್ನೆಲ್ಲ ಕೆದಕಿ ಇಲ್ಲವೆಂದರು. ಆ ದಿನ ಮಾವ ಊಟ ಮಾಡಲಿಲ್ಲ.

ನನ್ನ ಅತ್ತೆ? ಅವಳು ಈ ಕತೆಯಲ್ಲಿ ಇಷ್ಟು ಹೊತ್ತು ಎಲ್ಲಿದ್ದಳು ಎಂದು ನೀವು ಕೇಳಬಹುದು. ಸರಿದು ನಿಂತಿದ್ದಳು, ಇನ್ನೆಲ್ಲಿ? "ಒಂಚೂರು ಆಚೆ ಹೋಗು ಮಾರಾಯ್ತಿ" ಎಂದು ಮಾವನ ಬಾಯಿಂದ ವರ್ಷಗಟ್ಟಲೆ ಕೇಳಿ ಕೇಳಿ ಅವಳಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಮಕ್ಕಳಿಲ್ಲದ ಮನೆ. ಅವರ ಮದುವೆಯ ಆಲ್ಬಮ್ ಕುರ್ಲಾ ಮುಳುಗಿದ ಆ ಮಹಾಮಳೆಯಲ್ಲಿ ಹೋಯಿತು. ಈಗ ಯಾರು ಮೊಬೈಲ್ ಎತ್ತಿದರೂ ಅತ್ತೆ ತಟ್ಟನೆ ಪಕ್ಕಕ್ಕೆ ಸರಿಯುತ್ತಿದ್ದಳು. ನಮ್ಮೆಲ್ಲರ ಫೋನಿನಲ್ಲಿ ಅವಳು ಒಂದು ಮೊಣಕೈ, ಒಂದು ಸೆರಗಿನ ಚುಂಗು.

"ನನ್ನದೊಂದು ಸರಿಯಾದ ಫೋಟೋ ಇಲ್ಲ ಅಂತ ನಿಮಗೆ ಗೊತ್ತುಂಟಾ?" ಎಂದು ಒಮ್ಮೆ ನನ್ನೆದುರಿಗೇ ಕೇಳಿದಳು.

ಮಾವ ಭೂತಗನ್ನಡಿಯಿಂದ ಕಣ್ಣೆತ್ತಲಿಲ್ಲ. "ನೀನು ಇಲ್ಲೇ ಉಂಟಲ್ಲ. ಬೀದಿ ಎಲ್ಲುಂಟು?"

"ಆ ಗಿರಣಿಯನ್ನೇ ಕಟ್ಟಿಕೊಂಡಿದ್ರೆ ಆಗ್ತಿತ್ತು. ಹಿಟ್ಟಾದ್ರೂ ಬಿಟ್ಟಿ ಸಿಗ್ತಿತ್ತು" ಎಂದು ಅವಳು ಒಳಗೆ ಹೋದಳು. ನಾವಿಬ್ಬರೂ ನಕ್ಕೆವು. ಏನು ನಗುವಂಥದ್ದಿತ್ತು ಅದರಲ್ಲಿ?

ಟವರ್ ಎದ್ದಿತು. ಮಾವ ಕೂಡಿಸಿದ್ದೆಲ್ಲದರ ಪ್ರತಿ ತೆಗೆಸಿ ಬಿಲ್ಡರನ ಆಫೀಸಿಗೆ ಒಪ್ಪಿಸಿ, "ಹೋಟೆಲ್ ಒಂದು ಬಾಕಿ, ಜಾಗ ಖಾಲಿ ಬಿಡಿ" ಎಂದು ಕೈಮುಗಿದು ಬಂದರು. ಚಾವಿ ಕೊಡುವ ದಿನ ಇಸ್ತ್ರಿ ಶರ್ಟು ಹಾಕಿಕೊಂಡು ನಾವೆಲ್ಲ ಲಾಬಿಗೆ ಹೋದೆವು. ಗೋಡೆಯ ಮೇಲೆ ನಮ್ಮ ಬೀದಿ! ಆದರೆ ಅದು ನಮ್ಮ ಬೀದಿಯೇ? ಡಿಸೈನರ್ ಹುಡುಗಿ ಎಐಯಿಂದ ಎಲ್ಲವನ್ನೂ "ಕ್ಲೀನ್" ಮಾಡಿಸಿದ್ದಳು. ಮೋರಿಯ ಮೇಲೆ ಹೂಕುಂಡ, ಸೈಕಲ್ ಅಂಗಡಿಯ ಮುಂದೆ ಒಂದು ಕುದುರೆಗಾಡಿ, ಗಿರಣಿಗೆ ಅರಮನೆಯ ಕಮಾನು. ಖಾಲಿ ಬಿಡಿ ಎಂದ ಜಾಗದಲ್ಲಿ ಕೆಂಪು ಹೆಂಚಿನ, ತುಳಸಿಕಟ್ಟೆಯ ಒಂದು ಹೋಟೆಲ್! ಇಂಥದ್ದು ಕುರ್ಲಾದಲ್ಲೂ ಇರಲಿಲ್ಲ, ಉಡುಪಿಯಲ್ಲೂ ಇರಲಿಕ್ಕಿಲ್ಲ.

ಮಾವ ಆ ಕೆಂಪು ಹೆಂಚನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ, "ಬೀದಿ ಇಷ್ಟು ಚಂದ ಇದ್ದಿದ್ರೆ ನಾವು ಯಾಕೆ ಮಾರಾಯ್ತಿ ಬಿಟ್ಟುಕೊಡ್ತಿದ್ದೆವು?" ಎಂದರು. ನಾನು ಅದನ್ನು ಡಿಸೈನರ್ ಹುಡುಗಿಗೆ ಹಿಂದಿಯಲ್ಲಿ ಹೇಳಿದೆ.

"ಅಂಕಲ್, ಪುರಾನಾ ದಿಖನಾ ಚಾಹಿಯೇ, ಗಂದಾ ನಹೀ" ಎಂದು ಹುಡುಗಿ ವಿನಯದಿಂದಲೇ ಹೇಳಿದಳು. ಹಳೆಯದಾಗಿ ಕಾಣಬೇಕಂತೆ, ಕೊಳಕಾಗಿ ಅಲ್ಲವಂತೆ! ಅವಳ ಹಿಂದೆ ಬಿಲ್ಡರ್ ಆ ಗೋಡೆಯೆದುರು ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಬಂದವರೆಲ್ಲ "ವಾಹ್" ಎಂದರು. ಆ ಬೀದಿಯಲ್ಲೇ ಹುಟ್ಟಿ ಬೆಳೆದವರೂ ಎಂದರು. ಅದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಅತ್ತೆ ಮಾತ್ರ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಕಾಕಾ, ಮದುಮಗಳು, ಬಾರಸೆಯ ಕೂಸು, ಎಲ್ಲರನ್ನೂ ಅಳಿಸಿದ್ದರು. ಗೋಡೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. "ನೋಡಿ" ಎಂದಳು ಅತ್ತೆ, "ನೀವು ಹೇಳಿದ ಹಾಗೆಯೇ ಎಲ್ಲರೂ ಸರಿದು ನಿಂತಿದ್ದಾರೆ."

ಈ ಸಲ ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ. ಮಾವ ಅಂದಿನಿಂದ ಚೀಲ ಮುಟ್ಟಲಿಲ್ಲ.

ಹೊಸ ಫ್ಲಾಟಿಗೆ ಹೋದ ಮೊದಲ ಮಳೆಗಾಲದಲ್ಲಿ ಅತ್ತೆ ಹೋದಳು. ಜ್ವರ ಎಂದು ಮಲಗಿದವಳು ಏಳಲಿಲ್ಲ. ಹಾರ ಹಾಕಲು ಫೋಟೋ ಬೇಕಲ್ಲ? ಫೋಟೋಗಳಿಂದ ಬಿರಿಯುವ ಚೀಲವಿದ್ದ ಆ ಮನೆಯಲ್ಲಿ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿದೆವು. ಏನೋ ಕದ್ದು ಸಿಕ್ಕಿಬಿದ್ದವಳಂತೆ ಅತ್ತೆ ನೀಲಿ ಬಣ್ಣದ ನಡುವೆ ನಿಂತಳು. ಮಾವ ಅದರ ಕಡೆ ಒಮ್ಮೆಯೂ ನೋಡಲಿಲ್ಲ. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗಲಾದರೂ ಅವಳ ಮುಖ ನೋಡಬಾರದೇ ಎಂದು ಹಲ್ಲು ಕಚ್ಚಿಕೊಂಡು ಓಡಾಡಿದೆ.

ಹದಿಮೂರನೆಯ ದಿನ ವಿರಾರ್‌ನಿಂದ ಮೌಶಿ ಬಂದರು. ಗೋಡೆಯ ಮೇಲಿದ್ದ ಆ ಮುಖ ನೋಡಿ, "ಹೇ ಕಾಯ, ಹ್ಯಾ ಆಮಚ್ಯಾ ವಹಿನೀ?" ಎಂದು ಗದರಿದರು. ಇದು ತಮ್ಮ ವಹಿನಿಯೇ, ಅಂದರೆ ಅತ್ತಿಗೆಯೇ ಅಲ್ಲವಂತೆ! ಪರ್ಸಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಳೇ ಫೋಟೋ ತೆಗೆದು ಮಾವನ ಕೈಗಿಟ್ಟರು.

ನಾನು ಮಾವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಎರಡು ಜಡೆ ಹಾಕಿಕೊಳ್ಳುವ ವಯಸ್ಸೇನೂ ಅಲ್ಲ, ಆದರೂ ಎರಡು ಜಡೆ ಹಾಕಿಕೊಂಡ ಅತ್ತೆ, ಬಾಯಿ ತುಂಬ ನಗುತ್ತ, ಬೀದಿಯ ನಟ್ಟನಡುವೆ ನಿಂತಿದ್ದಾಳೆ. ಹಿಂದೆ ದೋಸೆಯ ಬಂಡೆ, ಮೆಟ್ಟಿಲು, ಗಲ್ಲಾ, ಮೇಲೆ ಮೂರು ಭಾಷೆಯಲ್ಲಿ ಬರೆದ ಬೋರ್ಡು! ಹೋಟೆಲ್ ಪೂರ್ತಿಯಾಗಿ, ಒಂದು ಕಂಬವೂ ಬಿಡದೆ!

"ಮೌಶಿ, ಇದು ನಿಮ್ಮ ಹತ್ತಿರವೇ ಇತ್ತಾ? ಮಾವ ಕೇಳಿದಾಗ ಇಲ್ಲ ಅಂದಿರಲ್ಲ?" ಎಂದೆ.

ಮೌಶಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಣ್ಣಾನೀ ಹಾಟೇಲಾಚಾ ಫೋಟೋ ಮಾಗಿತಲಾ ಹೋತಾ. ಹಾ ತರ ವಹಿನೀಂಚಾ ಆಹೇ." ಅಣ್ಣ ಕೇಳಿದ್ದು ಹೋಟೆಲ್ಲಿನ ಫೋಟೋ. ಇದು ವಹಿನಿಯ ಫೋಟೋ ಅಲ್ಲವೇ! ವಹಿನಿಯದು ಕೇಳಿದ್ದರೆ ಅಂದೇ ಕೊಡುತ್ತಿದ್ದರು.

 "ಇವಳು ಇಷ್ಟು ನಗಾಡುದು ಎಂತಕ್ಕೆ?" ಎಂದು ಮಾವ ಕೇಳಿದರು. ನಾನು ಮೌಶಿಗೆ ಹಿಂದಿಯಲ್ಲಿ ಹೇಳಿದೆ.

ಮೌಶಿಗೆ ಚೆನ್ನಾಗಿ ನೆನಪಿತ್ತು. ಮಾವ ಊರಿಗೆ ಹೋಗಿದ್ದ ವಾರ ಅದು. ಅತ್ತೆ ತಾನೇ ಮೌಶಿಯ ಗಂಡನನ್ನು ಕ್ಯಾಮೆರಾ ಸಮೇತ ಎಳೆದು ತಂದು, ಹೋಟೆಲ್ಲಿನ ಮುಂದೆಯೇ ನಿಂತು, "ಅವರಿಲ್ಲ, ಓಡಿಸುವವರು ಯಾರೂ ಇಲ್ಲ, ಬೇಗ ತೆಗೀರಿ!" ಎಂದು ನಕ್ಕಿದ್ದಳಂತೆ.

ನನಗೆ ದುಃಖ ಉಕ್ಕಿ ಬಂತು. ಅದನ್ನು ಮರೆಸಲಿಕ್ಕೋ ಏನೋ, ನಾನು ಮಾವನ ತೋಳು ಹಿಡಿದು ಅಲ್ಲಾಡಿಸಿದೆ. "ಮಾವ, ಬೋರ್ಡು! ನೋಡಿ, ಬೋರ್ಡು ಪೂರ್ತಿ ಕಾಣ್ತಾ ಉಂಟು!"

ಮಾವ ಕನ್ನಡಕವನ್ನು ಹಣೆಗೇರಿಸಿ, ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಅವರ ಹೆಬ್ಬೆರಳು ಮೂರು ಭಾಷೆಯನ್ನೂ ಮುಚ್ಚಿತ್ತು.

"ಯಾವ ಬೋರ್ಡು?" ಎಂದರು.